ಕಡವಿನ ಕಲ್ಲು

"ಗುರುಗಳೇ, ಒಂದು ಕಚೇರಿ ತಾನು ಯಾಕಾಗಿ ಇದ್ದೇನೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳುವುದು ಹೇಗೆ?"

ಕೇಳಿದವನು ಮಲ್ಲಿನಾಥ. ಊರೂರಿನ ಕುಡಿಯುವ ನೀರು ಶುದ್ಧವಾಗಿದೆಯೇ ಎಂದು ಪರೀಕ್ಷಿಸಲು ಸರ್ಕಾರ ಹೊಸದಾಗಿ ಒಂದು ಪ್ರಾಧಿಕಾರ ಮಾಡಿತ್ತು. ನೀರು ಕೆಟ್ಟಿದ್ದರೆ ನಲ್ಲಿ ಬಂದ್ ಮಾಡಿಸುವ ಅಧಿಕಾರವೂ ಅದಕ್ಕಿತ್ತು. ಮಲ್ಲಿನಾಥ ಅದರ ಕಾರ್ಯದರ್ಶಿ. ಹುಡುಗನಾಗಿದ್ದಾಗ ಈ ಆಶ್ರಮದಲ್ಲೇ ಉಂಡು ಓದಿದವನು. ಈಗ ಜಗಲಿಯ ಮೇಲೆ ಕೂತಿದ್ದರೂ ಕೂತಂತೆ ಇರಲಿಲ್ಲ. ಒಮ್ಮೆ ಕಾಲು ಮಡಿಸುತ್ತಿದ್ದ, ಒಮ್ಮೆ ಚಾಚುತ್ತಿದ್ದ. ಜೇಬಿನ ಫೋನು ಗುಂಯ್ ಅಂದಾಗಲೆಲ್ಲ ತೆಗೆದು ನೋಡುತ್ತಿದ್ದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. "ಮೈಮೇಲೆ ಇರುವೆ ಹತ್ತಿದವನ ಹಾಗೆ ಆಡ್ತಿದ್ದೀಯಲ್ಲ. ಬಿಡಿಸಿ ಹೇಳು," ಅಂದರು.

"ವಿಷನ್, ಮಿಷನ್ ಅಂತ ಬರೆಯಬೇಕು ಗುರುಗಳೇ. ನಾವು ಏನಾಗಬೇಕು, ಏನು ಮಾಡಲಿಕ್ಕೆ ಇದ್ದೇವೆ ಅಂತ. ಕಚೇರಿಯ ಬಾಗಿಲಲ್ಲಿ ಹಿತ್ತಾಳೆ ಅಕ್ಷರದಲ್ಲಿ ಹಾಕಿಸುತ್ತಾರೆ, ಮಂತ್ರಿಗಳು ಬಂದು ಪರದೆ ಸರಿಸುತ್ತಾರೆ. ಜಿಲ್ಲೆಜಿಲ್ಲೆಯ ಇನ್‌ಸ್ಪೆಕ್ಟರುಗಳನ್ನೆಲ್ಲ ಕರೆಸಿ ಕಾರ್ಯಾಗಾರದ ಮೇಲೆ ಕಾರ್ಯಾಗಾರ ಮಾಡಿದ್ದಾಯಿತು. ಒಬ್ಬರು 'ಶುದ್ಧ' ಅಂದರೆ ಇನ್ನೊಬ್ಬರು 'ಸುಸ್ಥಿರ' ಅನ್ನುತ್ತಾರೆ. ಇದರ ನಡುವೆ ದೂರುಗಳು ಬೇರೆ. ಕುಂಬಾರ ಓಣಿಯ ಹೆಂಗಸರು ನುಗ್ಗಿ ಬಂದು, ನಲ್ಲಿ ನೀರು ನಾರುತ್ತಿದೆ, ಮಕ್ಕಳಿಗೆ ವಾಂತಿ ಅಂತ ಒಂದು ಬಾಟಲಿ ನೀರು ತಂದು ಮೇಜಿನ ಮೇಲೆ ಕುಕ್ಕಿದರು. ಈ ವಾಕ್ಯ ಒಂದು ಮುಗಿಯಲಿ ತಾಯಿ, ಆಮೇಲೆ ನಿಮ್ಮದೇ ಕೆಲಸ ಅಂತ ಸಮಾಧಾನ ಮಾಡಿ ಕಳಿಸಿದೆ. ನನ್ನ ತಲೆ ಕೆಟ್ಟು ಹೋಗಿದೆ. ನೀವೇ ಒಂದು ವಾಕ್ಯ ಹೇಳಿ."

ಗುರುಗಳು ಒಂದು ಕಾಯಿ ಸುಲಿದರು. ಹುಳುಕು ಕಾಳನ್ನು ಆಚೆ ಎಸೆದರು. "ವಾಕ್ಯ ನನ್ನ ಹತ್ತಿರ ಇಲ್ಲ. ಕತೆ ಇದೆ. ಆ ಫೋನು ಒಳಗಿಡು," ಎಂದು ಹೇಳತೊಡಗಿದರು.

ಒಂದು ಊರಿನ ಪಕ್ಕದಲ್ಲಿ ದೊಡ್ಡ ಹೊಳೆ ಹರಿಯುತ್ತಿತ್ತು. ಸೇತುವೆ ಇರಲಿಲ್ಲ. ಜನ ದೋಣಿಯಲ್ಲೇ ದಾಟಬೇಕು. ದೋಣಿ ಹತ್ತಿ ಇಳಿಯುವ ಜಾಗಕ್ಕೆ ಕಡವು ಅನ್ನುತ್ತಿದ್ದರು. ಅಂಬಿಗರಿಗೆ ಆಸೆ. ಮೂಟೆಗಳ ಮೇಲೆ ಜನ, ಜನರ ಮೇಲೆ ಮೂಟೆ ತುಂಬುತ್ತಿದ್ದರು. ಒಂದು ಮಳೆಗಾಲ, ಹೀಗೆ ತುಂಬಿದ ದೋಣಿ ನಡುಹೊಳೆಯಲ್ಲಿ ಮಗುಚಿತು. ಮುಳುಗಿ ಹೋದವರಲ್ಲಿ ಒಬ್ಬ ಬಡವನ ತಮ್ಮನೂ ಇದ್ದ. ಅವರ ತಾಯಿ ಅಂದಿನಿಂದ ದೋಣಿಗೆ ಕಾಲಿಡಲಿಲ್ಲ. ಆಚೆ ದಡದಲ್ಲೇ ಅವಳ ತವರು. ಒಡಹುಟ್ಟಿದ ಅಣ್ಣ ಸತ್ತ ಸುದ್ದಿ ಬಂದಾಗಲೂ ಈ ದಡದಲ್ಲಿ ಕೂತೇ ಅತ್ತಳು.

ಜನ ಅರಸನ ಮುಂದೆ ಗೋಳು ತೋಡಿಕೊಂಡರು. ಅರಸ ಆ ಬಡವನನ್ನೇ ಕಡವಿನ ಅಧಿಕಾರಿಯಾಗಿ ನೇಮಿಸಿದ.

ಅವನು ಮಾಡಿದ್ದು ಸಣ್ಣ ಕೆಲಸ. ಪ್ರತಿ ದೋಣಿಯ ಎರಡೂ ಮಗ್ಗುಲಿಗೆ ಒಂದು ಕೆಂಪು ಗೆರೆ ಎಳೆಸಿದ. ನೀರು ಗೆರೆ ಮುಟ್ಟಿದರೆ ದೋಣಿ ಹೊರಡುವಂತಿಲ್ಲ. ಅಂಬಿಗರೇನು ಪೆದ್ದರೇ? ದಡದ ಕಡೆಯ ಮಗ್ಗುಲು ಹಗುರ ಇಟ್ಟು, ಹೊಳೆಯ ಕಡೆಗೆ ಮೂಟೆ ಒಟ್ಟಿದರು. ದಡದಲ್ಲಿ ನಿಂತವನಿಗೆ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಅಧಿಕಾರಿ ಒಂದು ದಿನ ಇದನ್ನು ಕಂಡುಕೊಂಡ. ಆಮೇಲೆ ದೋಣಿ ದೋಣಿಗೂ ನೀರಿಗಿಳಿದ. ಸೊಂಟದ ತನಕ ನೀರಿನಲ್ಲಿ ನಡೆದು ಆಚೆ ಮಗ್ಗುಲಿಗೆ ಹೋಗಿ, ಗೆರೆಯ ಮೇಲೆ ಕೈ ಸವರಿ ನೋಡಿ, ನಂತರವೇ 'ಹೂಂ, ನಡೆ' ಅನ್ನುತ್ತಿದ್ದ. ಬೆಳಗಿನಿಂದ ಸಂಜೆಯ ತನಕ ಅವನ ಪಂಚೆ ಒದ್ದೆ. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಆದರೆ ಒಬ್ಬರೂ ಹೊಳೆಯ ಪಾಲಾಗಲಿಲ್ಲ.

ಹೀಗಿರುವಾಗ ಅರಸನಿಗೆ ಒಂದು ಹುಕಿ ಬಂತು. ನಾಡಿನ ಒಂದೊಂದು ಕಚೇರಿಯೂ ತನ್ನ ಧ್ಯೇಯವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಬೇಕು, ತಾನೇ ಬಂದು ಪೂಜೆ ಮಾಡುತ್ತೇನೆ ಎಂದು ಅಪ್ಪಣೆಯಾಯಿತು.

ಅಧಿಕಾರಿ ಯೋಚನೆಯನ್ನೇ ಮಾಡಲಿಲ್ಲ. 'ಈ ಕಡವಿನಲ್ಲಿ ಯಾರೂ ಮುಳುಗಬಾರದು' ಎಂದು ಹೇಳಿ ಬರೆಸಿದ. ಕಡವಿನ ಮೇಲಿನ ಮಂಟಪದಲ್ಲಿ ಹಿರಿಯರ ಸಭೆ ಸೇರಿತು. ವಾಕ್ಯ ಕೇಳಿ ಒಬ್ಬ ಪಂಡಿತ ಕಿವಿ ಮುಚ್ಚಿಕೊಂಡ.

"ಬಿಡ್ತು ಅನ್ನಪ್ಪಾ! ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅಂತ ಕೂಡ ನಾವು ಅನ್ನೋದಿಲ್ಲ, 'ಹೋಗಿಬರ್ತೀನಿ' ಅಂತೀವಿ. ದೋಣಿ ಹತ್ತುವವರ ಕಣ್ಣೆದುರಿಗೆ ಮುಳುಗುವ ಮಾತು ಕೆತ್ತಿಸ್ತೀಯಾ?"

ಸಭೆಯೆಲ್ಲ ಹೌದು ಹೌದು ಅಂದಿತು. ಅಧಿಕಾರಿಯೂ 'ಬಿಡ್ತು' ಅಂದ. ಆ ಮಾತು ಹೋಯಿತು. ಒಬ್ಬ ವ್ಯಾಪಾರಿ ಸಮೃದ್ಧಿ ಎಂಬ ಪದ ಬರಲೇಬೇಕೆಂದು ಪಟ್ಟು ಹಿಡಿದ. ಇನ್ನೊಬ್ಬನಿಗೆ ಪ್ರಾಸ ಬೇಕು. ಮತ್ತೊಬ್ಬ, ಬರೀ ಕಡವು ಅಂದರೆ ಸಣ್ಣದಾಯಿತು, ನಮ್ಮ ನೋಟ ದೂರ ಹೋಗಬೇಕು ಅಂದ. ಒಂದು ಪದ ಒಳಗೆ ಬಂದರೆ ಇನ್ನೊಂದು ಮುನಿಸಿಕೊಂಡು ಹೊರಗೆ ಹೋಗುತ್ತಿತ್ತು.

ಅಧಿಕಾರಿಗೆ ಊಟ ಸೇರದಾಯಿತು. ಉಣ್ಣುವಾಗಲೂ ಬಾಯಲ್ಲಿ ಪದ. ನಡೆಯುವಾಗಲೂ ಪದ. ಹೆಂಡತಿ ಏನಾದರೂ ಕೇಳಿದರೆ ಸಿಡುಕುತ್ತಿದ್ದ. ದೋಣಿ ತುಂಬಿ ಅಂಬಿಗ ಕೂಗಿದರೆ, ಮಂಟಪದಿಂದ ಎದ್ದು ಬಂದು ದಡದಲ್ಲೇ ನಿಂತು ಬಗ್ಗಿ ನೋಡಿ, 'ಇವತ್ತೊಂದು ದಿನ, ನಡೆ' ಅನ್ನುತ್ತಿದ್ದ. ಮರುದಿನವೂ ಇವತ್ತೊಂದು ದಿನವೇ. ಅಂಬಿಗರು ಮುಖ ಮುಖ ನೋಡಿಕೊಂಡರು, ಮೂಟೆಗಳು ಮೆಲ್ಲಗೆ ಹೊಳೆಯ ಮಗ್ಗುಲಿಗೆ ಸರಿದವು. ಅಧಿಕಾರಿಯ ಪಂಚೆ ಒಣಗಿತು. ಹಿಮ್ಮಡಿಯ ಬಿರುಕು ವಾಸಿಯಾಯಿತು. ಒಮ್ಮೊಮ್ಮೆ ಹೊರಟ ದೋಣಿಯನ್ನೇ ನೋಡುತ್ತ ದಡದಲ್ಲಿ ನಿಂತುಬಿಡುತ್ತಿದ್ದ. ಪದ ಸಿಗದ ಸಂಕಟ ಅದು ಎಂದುಕೊಂಡು ಮತ್ತೆ ಮಂಟಪಕ್ಕೆ ಹತ್ತುತ್ತಿದ್ದ.

ಕೊನೆಗೂ ವಾಕ್ಯ ಸಿದ್ಧವಾಯಿತು. 'ಸಕಲರ ಸುಖಪ್ರಯಾಣ, ಸಮಸ್ತರ ಸಮೃದ್ಧಿ, ಹೊಳೆಯಾಚೆಗೂ ನಮ್ಮ ದೃಷ್ಟಿ.' ಎಲ್ಲರೂ ತಲೆದೂಗಿದರು. ಅದರಲ್ಲಿ ದೋಣಿ ಇರಲಿಲ್ಲ, ಭಾರ ಇರಲಿಲ್ಲ, ಗೆರೆಯಂತೂ ಇರಲೇ ಇಲ್ಲ. ಆದರೆ ಅಧಿಕಾರಿಗೇ ಅದು ಎಷ್ಟು ಹಿಡಿಸಿತೆಂದರೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ.

ಆಳೆತ್ತರದ ಕಲ್ಲಿನಲ್ಲಿ ಅಕ್ಷರ ಕೆತ್ತಿದರು. ಅರಮನೆಯ ದಾರಿ ಆಚೆ ದಡದಲ್ಲಿ. ಅರಸ ಅಲ್ಲಿಗೇ ಬರುತ್ತೇನೆ ಅಂದದ್ದರಿಂದ ಕಲ್ಲು ಹೊಳೆ ದಾಟಬೇಕಾಯಿತು. ಅದನ್ನು ದೊಡ್ಡ ದೋಣಿಗೆ ಏರಿಸಿದರು. ಪಂಡಿತ ಹತ್ತಿದ, ವ್ಯಾಪಾರಿ ಹತ್ತಿದ, ಸಭೆಗೆ ಸಭೆಯೇ ಹತ್ತಿತು. ಆಗ ಅಧಿಕಾರಿಯ ತಾಯಿ ಹೊಸ ಸೀರೆ ಉಟ್ಟು, ಮಡಿಲಲ್ಲಿ ಹೂವು ಹಣ್ಣು ಕಟ್ಟಿಕೊಂಡು ಕಡವಿಗೆ ಬಂದಳು. ಮಗ ಗಾಬರಿಯಾದ.

"ನೀನೂ ಬರ್ತೀಯಾ ಅವ್ವಾ?"

"ಬರ್ತೀನಪ್ಪ. ನನ್ನ ಮಗ ನೀರಲ್ಲಿ ನಿಂತು ಕೈ ಸವರಿ ಬಿಡುವ ದೋಣಿ ಅಂದಮೇಲೆ ನನಗೇನು ಭಯ? ಹಾಗೇ ತವರಿಗೂ ಒಂದು ಗಳಿಗೆ ಹೋಗಿಬರ್ತೀನಿ."

ಅಂದು ಅವನು ನೀರಿಗೆ ಇಳಿದಿರಲಿಲ್ಲ. ಉಟ್ಟದ್ದು ರೇಷ್ಮೆ ಪಂಚೆ. ಅದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಅವಳ ಕೈ ಹಿಡಿದು ದೋಣಿಗೆ ಹತ್ತಿಸಿದರು. ಅವಳು ಹೋಗಿ ಕಲ್ಲಿಗೆ ಒರಗಿ ಕೂತಳು. ಮಗನ ಕಲ್ಲು ನೋಡಿ, ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಅಂಬಿಗ ಬಗ್ಗಿ ನೋಡಿ ಅಧಿಕಾರಿಯ ಹತ್ತಿರ ಬಂದ. ಮೆಲ್ಲಗೆ ಅಂದ, "ಧಣಿ, ನೀರು ಗೆರೆಯ ಮೇಲೆ ಬಂದಿದೆ. ಕಲ್ಲು ಇಳಿಸಿ, ಇಲ್ಲವೇ ಜನ ಇಳಿಯಲಿ."

ಅಧಿಕಾರಿ ತಲೆ ಎತ್ತಿ ನೋಡಿದ. ಆಚೆ ದಡದಲ್ಲಿ ಡೋಲು ಬಡಿಯುತ್ತಿತ್ತು. ಅರಸನ ಛತ್ರಿ ಕಾಣುತ್ತಿತ್ತು. ಮುಹೂರ್ತ ಮೀರುತ್ತಿದೆ ಎಂದು ಪಂಡಿತ ಕಣ್ಣು ಕೆಕ್ಕರಿಸಿದ. ಕಲ್ಲು ಇಳಿಸಿದರೆ ಪೂಜೆ ಇಲ್ಲ. ಸಭೆಯನ್ನು ಇಳಿಸಿದರೆ ತನ್ನ ಮಾನ ಉಳಿಯುವುದಿಲ್ಲ. ತಾಯಿಯನ್ನಷ್ಟೇ ಇಳಿಸಿದರೆ, ಯಾಕೆ ಅಂತ ಅವಳು ಕೇಳಿಯೇ ಕೇಳುತ್ತಾಳೆ.

"ಶುಭ ಹೊತ್ತಿನಲ್ಲಿ ಅಂಥ ಮಾತು ತೆಗೀಬೇಡ ಮಾರಾಯ," ಅಂದ. "ಇವತ್ತೊಂದು ದಿನ, ನಡೆ."

ತಾನೂ ಹತ್ತಿ ಕೂತ. ಗಾಳಿ ಜೋರೇನೂ ಇರಲಿಲ್ಲ. ನಡುಹೊಳೆಯಲ್ಲಿ ಒಂದು ಸಣ್ಣ ಅಲೆ ಅಂಚು ದಾಟಿ ಒಳಗೆ ಬಂತು. ದೋಣಿ ಒಂದು ಕಡೆಗೆ ವಾಲಿತು. ಕಲ್ಲು ಜಾರಿತು. ಸುತ್ತಲಿನ ಅಂಬಿಗರು ದೋಣಿ ತಂದು ಸಿಕ್ಕವರನ್ನೆಲ್ಲ ಎಳೆದು ಹಾಕಿದರು. ಪಂಡಿತ ಉಳಿದ. ವ್ಯಾಪಾರಿ ಉಳಿದ. ಅಧಿಕಾರಿಯೂ ಉಳಿದ. ಕಲ್ಲಿಗೆ ಒರಗಿ ಕೂತಿದ್ದವಳು ಮಾತ್ರ ಸಿಗಲಿಲ್ಲ.

ಗುರುಗಳು ಇಷ್ಟು ಹೇಳಿ ಸಿಪ್ಪೆಯನ್ನೆಲ್ಲ ಒಂದು ಕಡೆಗೆ ಗುಡ್ಡೆ ಮಾಡಿದರು. ಮಲ್ಲಿನಾಥನ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಅವನು ಕೈ ಹಾಕಲಿಲ್ಲ.

"ಆಮೇಲೆ ಆ ಅಧಿಕಾರಿ ಏನು ಮಾಡಿದ, ಗುರುಗಳೇ?"

"ಏನು ಮಾಡಿಯಾನು? ಮರುದಿನ ಬೆಳಗ್ಗೆ ಬಂದು ಗೆರೆ ಸವರಿ ನೋಡಲು ನೀರಿಗಿಳಿದ. ಸಾಯುವ ತನಕ ಮೇಲೆ ಬರಲಿಲ್ಲ ಅಂತಲೇ ಅನ್ನು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಆ ಕಲ್ಲು ಕಾಣುತ್ತಿತ್ತಂತೆ. ಅಕ್ಷರ ಒಂದೂ ಸವೆದಿರಲಿಲ್ಲವಂತೆ."

 ಮಲ್ಲಿನಾಥ ಏನೋ ಹೊಳೆದವನಂತೆ ಮುಖ ಎತ್ತಿದ. ಕಣ್ಣಲ್ಲಿ ಮತ್ತೆ ಆತುರ.

"ಗೊತ್ತಾಯಿತು ಗುರುಗಳೇ. ಅವನ ಮೊದಲನೆಯ ವಾಕ್ಯವೇ ಸರಿ ಇತ್ತು. ಅಲಂಕಾರ ಬೇಡ. ನಾವೂ ನೇರವಾಗಿ 'ಈ ನಾಡಿನಲ್ಲಿ ಯಾರೂ ಕೆಟ್ಟ ನೀರು ಕುಡಿಯಬಾರದು' ಅಂತ ಬರೆದುಬಿಟ್ಟರೆ ಆಯಿತಲ್ಲವೇ?"

ಗುರುಗಳು ಕೈ ಕೊಡವಿಕೊಂಡು ಎದ್ದರು.

"ಆ ಹೆಂಗಸರು ತಂದಿಟ್ಟ ಬಾಟಲಿ ಈಗ ಎಲ್ಲಿದೆ, ಮಲ್ಲಿನಾಥ?"

ಮಲ್ಲಿನಾಥ ಎದ್ದು ಚಪ್ಪಲಿ ಹುಡುಕತೊಡಗಿದ.