ನನಗೇನು ಗೊತ್ತು

ಹೊಳೆಯ ದಂಡೆಯಲ್ಲಿ ಅಡವಿಸ್ವಾಮಿಗಳ ಆಶ್ರಮವಿತ್ತು. ಊರವರಿಗೆ ಮದ್ದು ಕೊಡುತ್ತಿದ್ದರು, ಶಿಷ್ಯರಿಗೆ ವೈದ್ಯ ಕಲಿಸುತ್ತಿದ್ದರು.

ಶಿಷ್ಯರಲ್ಲಿ ಚೆನ್ನಾಗಿ ಕಲಿತವನು ಶಂಭುಲಿಂಗ. ಆದರೆ ಯಾರು ಏನು ಕೇಳಿದರೂ, “ನನಗೇನು ಗೊತ್ತು, ಗುರುಗಳನ್ನು ಕೇಳಿ” ಎನ್ನುವನು. ಗುರುಗಳಿಗೆ ಅದು ಬಲು ಹಿಡಿಸಿತ್ತು. “ಗೊತ್ತಿಲ್ಲ ಅನ್ನೋದನ್ನ ಇವನನ್ನ ನೋಡಿ ಕಲೀರಿ” ಎಂದು ಎಲ್ಲರೆದುರು ಹೇಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಶಂಭುಲಿಂಗ ಇನ್ನಷ್ಟು ತಲೆ ತಗ್ಗಿಸುತ್ತಿದ್ದ.

ಮಾತೆತ್ತಿದರೆ “ನನಗೆ ಗೊತ್ತು” ಎಂದು ಮುಂದೆ ಬೀಳುತ್ತಿದ್ದ ಗುರುಮಲ್ಲ ಎಂಬ ಶಿಷ್ಯನನ್ನು ಅವರು ಆಶ್ರಮದಿಂದಲೇ ಕಳಿಸಿಬಿಟ್ಟಿದ್ದರು.

ಒಂದು ಬೇಸಿಗೆಯಲ್ಲಿ ಗುರುಗಳು ಪಕ್ಕದೂರಿಗೆ ಹೋಗಿದ್ದಾಗ ದುಂಡಮ್ಮ ಎಂಬ ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಬೆಳಗಿನಿಂದ ವಾಂತಿ, ಭೇದಿ. ಮಗುವಿನ ಕಣ್ಣು ಒಳಕ್ಕೆ ಹೋಗಿತ್ತು.

“ನೀರು ನೀರು ಅಂತದೆ ಬುದ್ಧಿ. ನೀರ್ ಕೊಟ್ರೆ ಇನ್ನೂ ಕಿತ್ಕತ್ತದೆ ಅಂತ ನಮ್ಮತ್ತೆ ಬುಡ್ಲಿಲ್ಲ. ಕೊಡ್ಲಾ, ಬ್ಯಾಡ್ವಾ?”

“ನನಗೇನು ಗೊತ್ತು ತಾಯಿ. ಗುರುಗಳು ಸಂಜೆಗೆ ಬರ್ತಾರೆ.”

“ನೀವೂ ಕಲ್ತೋರಲ್ವಾ? ಏನಾರ ಒಂದ್ ಹೇಳಿ.”

“ನಾನು ಕಲಿತಿದ್ದು ಎಷ್ಟು ಮಹಾ. ಅವರೇ ಬಂದು ನೋಡಲಿ.”

ಅವಳು ಜಗಲಿಯ ಮೇಲೆ ಕೂತಳು. ಎದುರಿಗೆ ಹೊಳೆ ಹರಿಯುತ್ತಿತ್ತು. ಮಗು ಅದರ ಕಡೆ ಕೈ ತೋರಿಸುತ್ತಿತ್ತು. ಶಂಭುಲಿಂಗ ಆಗಾಗ ಬಾಗಿಲಿಗೆ ಬಂದು ನೋಡಿ ಒಳಗೆ ಹೋಗುತ್ತಿದ್ದ. ಬೆಂಕಿ ಬೀಳಲಿ ಅಂಥ ವಿನಯಕ್ಕೆ.

ಗುರುಗಳು ಬರುವಷ್ಟರಲ್ಲಿ ಮಗು ನೀರು ಕೇಳುವುದನ್ನು ಬಿಟ್ಟಿತ್ತು. ಅವರು ನಾಡಿ ಹಿಡಿದು ನೋಡಿದರು. ಆಮೇಲೆ ತಾಯಿಯ ಸೆರಗನ್ನೇ ಮಗುವಿನ ಮುಖದ ಮೇಲೆ ಎಳೆದರು.

ಮಣ್ಣು ಮಾಡಿ ಬಂದ ಮೇಲೆ ಶಿಷ್ಯನನ್ನು ಕರೆದರು.

“ಮಗುವಿಗೆ ಏನಾಗಿತ್ತು?”

“ಮೈಯಲ್ಲಿನ ನೀರೆಲ್ಲ ಹೋಗಿತ್ತು.”

“ಏನು ಕೊಡಬೇಕಿತ್ತು?”

“ಗಂಜಿಯ ತಿಳಿ. ಅದಕ್ಕೆ ಚಿಟಿಕೆ ಉಪ್ಪು, ಚೂರು ಬೆಲ್ಲ. ವಾಂತಿಯಾದರೂ ಬಿಡದೆ ಗುಟುಕು ಗುಟುಕಾಗಿ ಕುಡಿಸಬೇಕಿತ್ತು.”

“ಇದು ಯಾವಾಗ ಹೊಳೀತು?”

“ಅವಳು ಮಗುವನ್ನ ಕೆಳಗಿಳಿಸಿದಾಗಲೇ.”

“ಮತ್ತೆ ಯಾಕೆ ಕುಡಿಸಲಿಲ್ಲ?”

“ನನ್ನ ಯೋಗ್ಯತೆ ಸಾಲದು ಅನ್ನಿಸಿತು ಗುರುಗಳೇ,” ಎಂದ ಶಂಭುಲಿಂಗ. “ಅಹಂಕಾರವಂತೂ ಪಡಲಿಲ್ಲ.”

“ನಿಜವಾಗಿ ಸಾಲದು ಅನ್ನಿಸಿತಾ? ನನ್ನ ಮುಖ ನೋಡಿ ಹೇಳು.”

ಅವನು ಮುಖ ಎತ್ತಲಿಲ್ಲ.

“ಇಲ್ಲ. ನಾನು ಕೈಹಾಕದೆ ಕಾದಿದ್ದನ್ನ ನೀವು ಮೆಚ್ಚುತ್ತೀರಿ ಅಂದುಕೊಂಡೆ.”

“ಮೆಚ್ಚುತ್ತಿದ್ದೆ,” ಎಂದರು ಗುರುಗಳು. “ಮಗು ಉಳಿದಿದ್ದರೆ ಎಲ್ಲರನ್ನೂ ಕೂರಿಸಿಕೊಂಡು ನಿನ್ನನ್ನ ಹೊಗಳುತ್ತಿದ್ದೆ. ಗುರುಮಲ್ಲ ಇದ್ದಿದ್ದರೆ ಕುಡಿಸಿರೋನು. ಅವನನ್ನ ಓಡಿಸಿದವನು ನಾನು.”

ಶಂಭುಲಿಂಗ ಬಿಕ್ಕಿ ಬಿಕ್ಕಿ ಅಳತೊಡಗಿದ.

ಅಷ್ಟರಲ್ಲಿ ದುಂಡಮ್ಮ ಜಗಲಿಯಲ್ಲಿ ಬಿಟ್ಟುಹೋಗಿದ್ದ ಮಗುವಿನ ಬಟ್ಟೆ ತೆಗೆದುಕೊಳ್ಳಲು ಬಂದಳು. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು. ಶಂಭುಲಿಂಗನನ್ನು ಕಂಡು ಹತ್ತಿರ ಬಂದಳು.

“ಅಳ್ಬ್ಯಾಡಿ ಬುದ್ಧಿ. ಗೊತ್ತಿಲ್ದಿದ್ದಕ್ಕೆ ನೀವೇನ್ ಮಾಡೀರಿ? ಗೊತ್ತಿದ್ರೆ ಉಳಿಸ್ಕೊಡ್ತಿರ್ಲಿಲ್ವಾ?”

ಕೈಮುಗಿದು ಹೊರಟುಹೋದಳು.

ಶಂಭುಲಿಂಗ ದಡಕ್ಕನೆ ಎದ್ದ. “ಗುರುಗಳೇ, ಹೋಗಿ ನಿಜ ಹೇಳಿಬಿಡ್ತೀನಿ. ನನ್ನ ಕೈಲಿ ತಡೆಯೋಕಾಗ್ತಿಲ್ಲ.”

ಗುರುಗಳು ಅವನ ರಟ್ಟೆ ಹಿಡಿದು ಕೂರಿಸಿದರು.

“ನಿನಗೇನೂ ಗೊತ್ತಿರಲಿಲ್ಲ ಅನ್ನೋ ಸಮಾಧಾನ ಒಂದೇ ಅವಳಿಗೆ ಉಳಿದಿರೋದು. ಅದನ್ನೂ ಕಿತ್ಕೊಂಡು ನೀನು ಹಗುರ ಆಗಬೇಡ.”