ಎತ್ತಿನ ಹೊಟ್ಟೆಯ ಉಂಡಾಡಿಗಳು

“ಗುರುಗಳೇ, ಗುಡಿಸಿ ತೊಳೆಯುವ ಹೊರಕೆಲಸದ ಹದಿನಾಲ್ಕು ಜನ ದಿನವೂ ನಮಗಿಂತ ಮೊದಲೇ ಬಂದು ಉಣ್ಣುತ್ತಾರೆ. ಮಠದ ಅನ್ನ ಇಂಥ ಉಂಡಾಡಿಗಳಿಗೇಕೆ? ನಾಳೆಯಿಂದ ಅವರಿಗೆ ಅಡುಗೆಮನೆಯ ಬಾಗಿಲು ಹಾಕಲೇ?” ಎಂದು ಉಗ್ರಾಣ ನೋಡಿಕೊಳ್ಳುವ ಶಿಷ್ಯ ನಿರ್ವಾಣಯ್ಯ ಕೇಳಿದ. ಗುರುಗಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನಿದ್ದ. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ಅವನಿಗೊಂದು ಎತ್ತಿತ್ತು, ಅದೆಂದರೆ ಪ್ರಾಣ. ಎಷ್ಟು ಹುಲ್ಲು ಹಾಕಿದರೂ ಅದು ಅವನೆಣಿಸಿದಷ್ಟು ಮೈ ತುಂಬಿಕೊಳ್ಳಲಿಲ್ಲ. ದನದ ವೈದ್ಯನನ್ನು ಕೇಳಿದ.

“ನೀವು ಹಾಕೋ ಹುಲ್ಲನ್ನ ಮೊದಲು ತಿನ್ನೋದು ಎತ್ತಲ್ಲ ಗೌಡ್ರೇ. ಅದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ...” ಎಂದು ವೈದ್ಯ ಶುರುಮಾಡಿದ.

ಪೂರ್ತಿ ಕೇಳುವ ತಾಳ್ಮೆ ರೈತನಿಗೆಲ್ಲಿ? ಬೆವರು ಸುರಿಸಿ ಬೆಳೆದವನು ತಾನು, ತಿಂದು ಕೊಬ್ಬುವವು ಯಾವುವೋ ಹುಳ! ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಹುಳ ಕೊಲ್ಲುವ ಮೈಲುತುತ್ತವನ್ನು ನೀರಿನಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ಎತ್ತಿಗೆ ಕುಡಿಸಿದ. ಒಂದು ದಿನವಲ್ಲ, ಮೂರು ದಿನ.

ನಾಲ್ಕನೆಯ ದಿನ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿತು. ಹೊಟ್ಟೆ ತುಂಬ ಹುಲ್ಲಿತ್ತು, ಎದ್ದು ನಿಲ್ಲುವ ತ್ರಾಣವಿರಲಿಲ್ಲ. ರೈತ ಹೋಗಿ ವೈದ್ಯನ ಕೊರಳಪಟ್ಟಿ ಹಿಡಿದ.

“ಎತ್ತು ಹುಲ್ಲು ಅಗಿಯುತ್ತೆ, ಅಷ್ಟೇ. ಅರಗಿಸಿಕೊಡ್ತಿದ್ದದ್ದು ಆ ಜೀವಗಳು. ಅವನ್ನೆಲ್ಲ ನೀವೇ ಕೊಂದ್ರಿ!” ವೈದ್ಯನೂ ರೇಗಿದ. “ಇನ್ನಿರೋದು ಒಂದೇ ದಾರಿ. ಪಕ್ಕದ ಹಟ್ಟಿಯ ಮುದುಕಿ ಹತ್ರ ಬಡಕಲು ಹಸು ಇದೆಯಲ್ಲ, ಅದು ಮೆಲುಕು ಹಾಕುವಾಗ ಬಾಯಿಂದ ಒಂದು ಹಿಡಿ ತೆಗೆದು ಇದರ ಬಾಯಿಗೆ ಹಾಕಿ. ಅದರ ಜೊತೆ ಆ ಜೀವಗಳೂ ಬರ್ತವೆ.”

“ಆ ಹಟ್ಟಿಯ ಎಂಜಲು ನನ್ನ ಎತ್ತಿಗೋ!” ಎಂದು ರೈತ ಕೂಗಾಡಿದ.

ಸುದ್ದಿ ತಿಳಿದ ಮುದುಕಿ ಸುಮ್ಮನಿರಲಾರದೆ ತಾನೇ ಒಂದು ಹಿಡಿ ಮೆಲುಕು ತಂದು ಅವನ ಬಾಗಿಲಲ್ಲಿ ನಿಂತಳು. ಅವನು ಬಾಯಿಗೆ ಬಂದ ಹಾಗೆ ಬೈದು ಅಟ್ಟಿದ. ಮರುದಿನ ಎತ್ತು ಸತ್ತಿತು. ಚರ್ಮ ಸುಲಿಯುವವರು ಹೊಟ್ಟೆ ಸೀಳಿದಾಗ ತಿಂದ ಹುಲ್ಲು ತಿಂದ ಹಾಗೆಯೇ ಇತ್ತು. ರೈತ ಅದರ ಮುಂದೆ ಕುಕ್ಕರಿಸಿ ಅತ್ತ.

“ಎಂಥ ಮೂರ್ಖ!” ಎಂದ ನಿರ್ವಾಣಯ್ಯ.

ಗುರುಗಳು ಎದ್ದು ನಿಂತರು. “ಹೋಗಿ ಆ ಹದಿನಾಲ್ಕು ಜನಕ್ಕೆ ಬಾಗಿಲು ಹಾಕು, ನಾಳೆ ಬೆಳಗ್ಗೆ ಮಠದ ಕಕ್ಕಸು ತೊಳೆಯಲು ನೀನೊಂದು ಪೊರಕೆ ತಾ, ನಾನೊಂದು ತರುತ್ತೇನೆ.”