ಬೀಗರ ಮೊಬೈಲಿಗೆ ಎಲ್ಲಿ ಜಾಗ?

ಒಂದು ಮನೆಯ ವೈಫೈ ರೌಟರ್ ಎರಡು ಜಾಲಗಳನ್ನು ಇಟ್ಟುಕೊಂಡಿತ್ತು. ಮನೆಯ ಉಪಕರಣಗಳಿಗೆ ಒಳಜಾಲ, ಬಂದುಹೋಗುವವರಿಗೆ ಅತಿಥಿ ಜಾಲ. ಒಂದು ಸಂಜೆ ಮಗಳನ್ನು ಕೊಟ್ಟ ಮನೆಯ ಬೀಗರು ಬಂದರು. ರೌಟರ್ ಅವರ ಮೊಬೈಲನ್ನು ಅತಿಥಿ ಜಾಲಕ್ಕೆ ಆಹ್ವಾನಿಸಿತು.

ಸ್ಮಾರ್ಟ್ ಟಿ.ವಿ. ಕೆರಳಿತು. "ಏನಯ್ಯಾ, ಬೀಗರ ಕಡೆಯವರನ್ನು ಜಗಲಿಯಲ್ಲಿ ಕೂರಿಸುತ್ತೀಯಾ? ನಾಲ್ಕು ಜನರ ಮುಂದೆ ನಮ್ಮ ಮರ್ಯಾದೆ ಏನಾಗಬೇಕು? ಪಾಸ್‌ವರ್ಡ್ ಕೊಟ್ಟು ಒಳಗೆ ಕರೆ."

"ಒಳಗೆ ಬಂದವರ ಕೈಗೆ ತಾವೂ ಸಿಗುತ್ತೀರಿ, ಸ್ವಾಮಿ," ಎಂದಿತು ರೌಟರ್.

"ಸಿಗೋಣ. ಬೀಗರಲ್ಲವೇ!"

ಮೊಬೈಲ್ ಒಳಗೆ ಬಂದಿತು. ಮನೆಯೊಡತಿ ಮಂದಾಕಿನಮ್ಮ ಟಿ.ವಿ.ಯಲ್ಲಿ ಇಂಟರ್ನೆಟ್ ಮೂಲಕ ಧಾರಾವಾಹಿ ನೋಡುತ್ತಿದ್ದರು. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಮೊಬೈಲ್ ತನ್ನಲ್ಲಿದ್ದ ಕೋಳಿ ಸಾಕಣೆಯ ವಿಡಿಯೊವನ್ನು ಟಿ.ವಿ.ಯ ಪರದೆಗೆ ಕಳುಹಿಸಿತು. ಮದುಮಗನ ಜಾಗದಲ್ಲಿ ಹುಂಜ ಕಾಣಿಸಿತು. ಮಂದಾಕಿನಮ್ಮ ಟಿ.ವಿ.ಯ ನೆತ್ತಿಗೆ ಎರಡು ಬಾರಿಸಿ, "ಇದು ಕೆಟ್ಟುಹೋಯಿತು, ಗುಜರಿಗೆ ಹಾಕಿ ಹೊಸದನ್ನು ತರೋಣ" ಎಂದರು.

ಟಿ.ವಿ. ಕೂಗಿಕೊಂಡಿತು: "ರೌಟರಪ್ಪಾ, ಮೊದಲು ಆ ಬೀಗರನ್ನು ಹೊರಗೆ ಕಳಿಸು!"

"ಮುಖ ನೋಡಿ ಹೋಗಿ ಎನ್ನಲು ನನಗೆ ಸಂಕೋಚ. ಪಾಸ್‌ವರ್ಡ್ ಬದಲಿಸುತ್ತೇನೆ," ಎಂದ ರೌಟರ್ ಹಾಗೆಯೇ ಮಾಡಿತು.

ಮೊಬೈಲ್ ಹೊರಬಿದ್ದಿತು. ಹಳೆಯ ಪಾಸ್‌ವರ್ಡ್ ಒಂದನ್ನೇ ಬಲ್ಲ ಟಿ.ವಿ.ಯೂ ಅದರ ಹಿಂದೆಯೇ ಹೊರಬಿದ್ದಿತು. ಧಾರಾವಾಹಿ ನಿಂತರೆ ಗುಜರಿಯೇ ಗತಿಯೆಂದು ಹೆದರಿ ಅದು ಅತಿಥಿ ಜಾಲದ ಬಾಗಿಲು ತಟ್ಟಿತು. ಅಲ್ಲಿ ಆಗಲೇ ಕಾಲು ಚಾಚಿ ಕುಳಿತಿದ್ದ ಮೊಬೈಲ್ ಪಕ್ಕಕ್ಕೆ ಸರಿದು ಹೇಳಿತು: "ಬನ್ನಿ ಬೀಗರೇ, ಸಂಕೋಚ ಪಡಬೇಡಿ. ಇಲ್ಲಿ ಜಾಗ ಬೇಕಾದಷ್ಟಿದೆ."